ಕೈ ಎತ್ತದೆ ತೊಡುವ ಅಂಗಿ

ಆ ಬೀದಿಯಲ್ಲಿ ಮಾಸ್ಟ್ರು ಎಂದರೆ ಶಾಲೆಯವರಲ್ಲ, ಕೋಟು ಕತ್ತರಿಸುವವರು. ಶಾಲೆಯ ಮೇಷ್ಟ್ರು ಕೂಡ ಅಂಗಡಿಯ ಬಾಗಿಲಲ್ಲಿ ನಿಂತು, ಮಾಸ್ಟ್ರೇ ಬಿಡುವಿದೆಯಾ ಎಂದು ಕೇಳಿಯೇ ಒಳಗೆ ಬರುತ್ತಿದ್ದರು. ಜಗತ್ತು ಸರಿಯಾದ ಕ್ರಮದಲ್ಲೇ ನಡೆಯುತ್ತಿದೆ ಎಂಬುದಕ್ಕೆ ಮಾಸ್ಟರಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ.

ಅಂಗಡಿ ಉದ್ದಕ್ಕೆ ರೈಲು ಡಬ್ಬಿಯ ಹಾಗಿತ್ತು. ಮುಂದೆ, ಬೀದಿಯ ಬೆಳಕು ಬೀಳುವ ಕಡೆ, ಇಬ್ಬರು ಮಲಗಬಹುದಾದಷ್ಟು ಅಗಲದ ಕತ್ತರಿಸುವ ಮೇಜು. ಅದರ ಹಿಂದೆ ನಿಲುಗನ್ನಡಿ, ಪರದೆ ಕಟ್ಟಿದ ಟ್ರಯಲ್ ಮೂಲೆ. ಇನ್ನೂ ಹಿಂದೆ ಎರಡು ಹೊಲಿಗೆ ಮಿಷನ್ನು; ಒಂದರ ಮುಂದೆ ಹೆಂಡತಿಯ ತಮ್ಮ, ಇನ್ನೊಂದರ ಮೇಲೆ ಇಸ್ತ್ರಿಗೆ ಕಾದ ಬಟ್ಟೆಯ ರಾಶಿ. ಕಿಟಕಿಯ ಪಕ್ಕ ಹೆಂಡತಿ, ಮಡಿಲಲ್ಲಿ ಯಾರದೋ ಕೋಟು ಹರವಿಕೊಂಡು ಗುಂಡಿಯ ಕಾಜಾ ಹೊಲಿಯುತ್ತಾ ಕೂತಿರುತ್ತಿದ್ದರು.

ಮೇಜಿನ ಮೇಲೆ ದೊಡ್ಡ ಕತ್ತರಿ. ಅದನ್ನು ಮಾಸ್ಟರು ಬಿಟ್ಟು ಯಾರೂ ಮುಟ್ಟಬಾರದು. ಬರೆದಿಡದ ಕಾನೂನು ಆ ಅಂಗಡಿಯಲ್ಲಿ ಅದೊಂದೇ. ಕತ್ತರಿ ಯಾರ ಕೈಯಲ್ಲೋ ಅವನು ಮಾಸ್ಟರು, ಮಿಕ್ಕವರೆಲ್ಲ ಹೊಲಿಯುವವರು. ಭಾಮೈದ ಮೀಸೆ ಮೂಡುವ ಮೊದಲೇ ಬಂದು ಮಿಷನ್ ಮುಂದೆ ಕೂತವನು. ಈಗ ಆ ಮೀಸೆಗೆ ಬಣ್ಣ ಹಚ್ಚುವ ವಯಸ್ಸಾದರೂ ಕತ್ತರಿಯನ್ನು ದೂರದಿಂದಲೇ ನೋಡುತ್ತಿದ್ದ.

ಎರಡು ಹೆಗಲೂ ಸಮನಾಗಿರುವ ಮನುಷ್ಯ ಇನ್ನೂ ಹುಟ್ಟಿಲ್ಲ ಎಂಬುದು ಮಾಸ್ಟರ ಸಿದ್ಧಾಂತ. ಒಬ್ಬನದು ಎಡಕ್ಕೆ ಇಳಿದಿರುತ್ತದೆ, ಒಬ್ಬನ ಬೆನ್ನು ಬಿಲ್ಲಾಗಿರುತ್ತದೆ, ಇನ್ನೊಬ್ಬನ ಎದೆ ಹೊಟ್ಟೆಗೆ ವರ್ಗವಾಗಿರುತ್ತದೆ. ಇಳಿದ ಕಡೆ ಒಳಗೊಂದು ಪ್ಯಾಡು, ಉಬ್ಬಿದ ಕಡೆ ಒಂದು ಮಡಿಕೆ, ಅಷ್ಟೆ. ಕನ್ನಡಿಯಲ್ಲಿ ನಿಂತವನು ತಾನು ಹುಟ್ಟಿದ್ದೇ ಹೀಗೆ ಎಂದು ನಂಬಿ ಮನೆಗೆ ಹೋಗಬೇಕು. “ದೇಹ ತಿದ್ದೋದು ನಮ್ಮ ಕೆಲಸ ಅಲ್ಲ, ಬಟ್ಟೆ ತಿದ್ದೋದು ನಮ್ಮ ಕೆಲಸ,” ಎಂದು ಅವರು ಆಗಾಗ ಹೇಳುತ್ತಿದ್ದರು. ಟೇಪು ಸೊಂಟ ಸುತ್ತಿದ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳದ ಗಂಡಸನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಗಿರಾಕಿಗೆ ಕೇಳುವ ಹಾಗೆ ಅವನು ಎಳೆದುಕೊಂಡ ಅಳತೆಯನ್ನು ಕೂಗಿ, ಕತ್ತರಿಸುವಾಗ ನಿಜದ ಅಳತೆ ಇಡುತ್ತಿದ್ದರು. ಹೀಗೆ ಊರಿನ ಅರ್ಧ ಗಂಡಸರ ಮಾನ ಅವರ ಟೇಪಿನಲ್ಲಿತ್ತು.

ಅಂಥವರ ಬಲಹೆಗಲು ಒಂದು ಬೆಳಗ್ಗೆ ಮಾತು ಕೇಳುವುದನ್ನು ನಿಲ್ಲಿಸಿತು.

ನಿಲ್ಲಿಸಿತು ಎಂದರೆ ಒಂದೇ ಸಲಕ್ಕಲ್ಲ. ಮೊದಲು ನೋವು ಬಂತು. ಅದಕ್ಕೆ ದಿಂಬು ಕಾರಣ ಎಂದರು. ದಿಂಬು ಬದಲಾಯಿತು. ಫ್ಯಾನಿನ ಗಾಳಿ ಕಾರಣ ಎಂದರು. ಫ್ಯಾನು ನಿಂತಿತು, ಹೆಂಡತಿ ಬೆವರಿದರು. ಆಮೇಲೆ ಭಾಮೈದ ಮಿಷನ್ ತುಳಿಯುವ ಸದ್ದೇ ನರಕ್ಕೆ ತಾಗುತ್ತಿದೆ ಎಂಬಲ್ಲಿಗೆ ಬಂದು ತಲುಪಿದರು. ಈ ವಿಚಾರಣೆ ಮುಗಿಯುವ ಹೊತ್ತಿಗೆ ನೋವು ಸ್ವಲ್ಪ ಇಳಿದು, ಅದರ ಜಾಗದಲ್ಲಿ ಬಿಗಿ ಬಂದು ಕೂತಿತ್ತು. ಕೈ ಎದೆಯ ಮಟ್ಟಕ್ಕೆ ಬಂದರೆ ಅಲ್ಲಿಗೆ ಮುಗಿಯಿತು. ಬೆನ್ನ ಹಿಂದಕ್ಕಂತೂ ಹೋಗುತ್ತಲೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆಯಿದೆ. ಮಾಸ್ಟರಿಗೆ ಆ ಸೌಕರ್ಯವೂ ಉಳಿದಿರಲಿಲ್ಲ.

ಹೆಂಡತಿಯ ಒತ್ತಾಯಕ್ಕೆ ಡಾಕ್ಟರ ಬಳಿ ಹೋದರು. ಡಾಕ್ಟರು ಕೈಯನ್ನು ಅತ್ತ ಇತ್ತ ತಿರುಗಿಸಿ, ಇದಕ್ಕೆ ಫ್ರೋಜನ್ ಶೋಲ್ಡರ್ ಅನ್ನುತ್ತಾರೆ, ಕೀಲಿನ ಸುತ್ತ ಇರುವ ಚೀಲ ಬಿಗಿದುಕೊಂಡಿದೆ ಎಂದರು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆಯೂ ಸಿಕ್ಕಿತು. ಸಕ್ಕರೆ ಇರುವವರಿಗೆ ಈ ಹೆಗಲು ಹೆಚ್ಚು ಕಾಡುತ್ತದೆ, ಎರಡನ್ನೂ ಒಟ್ಟಿಗೆ ನೋಡಿಕೊಳ್ಳಬೇಕು ಎಂದರು ಡಾಕ್ಟರು. ಸಕ್ಕರೆಗೆ ದಿನಾ ಮಾತ್ರೆ ಬರೆದುಕೊಟ್ಟರು. ಹೆಗಲಿಗೆ ತಮ್ಮ ಹತ್ತಿರ ಮಾತ್ರೆ ಇಲ್ಲವೆಂದು ಹೇಳಿ, ಪಕ್ಕದ ರಸ್ತೆಯ ಫಿಸಿಯೋ ಬಳಿ ಕಳಿಸಿದರು. ಮಾತ್ರೆ ಇಲ್ಲ ಎಂದು ಬಾಯಿಬಿಟ್ಟು ಹೇಳುವ ಡಾಕ್ಟರನ್ನು ಮಾಸ್ಟರು ಅಲ್ಲಿಯವರೆಗೆ ಕಂಡಿರಲಿಲ್ಲ. ಅವರ ಓದಿನ ಬಗ್ಗೆಯೇ ಒಂದು ಅನುಮಾನ ಇಟ್ಟುಕೊಂಡು ಹೊರಗೆ ಬಂದರು.

ಫಿಸಿಯೋ ಎಂದರೆ ಬಟ್ಟೆಯ ಬೂಟು ಹಾಕಿಕೊಂಡ, ಮಾಸ್ಟರ ಮಗಳಿದ್ದಿದ್ದರೆ ಆ ವಯಸ್ಸಾಗಬಹುದಾಗಿದ್ದ ಹುಡುಗಿ. ಅವಳ ಕೋಣೆಯಲ್ಲಿ ಬಾಗಿಲಿಗೆ ಕಟ್ಟಿದ ರಾಟೆ ಹಗ್ಗ, ಗೋಡೆಗೆ ಬಡಿದ ಏಣಿಯಂಥ ಪಟ್ಟಿ, ಎಮ್ಮೆಗರುವಿನಷ್ಟು ದೊಡ್ಡ ರಬ್ಬರ್ ಚೆಂಡು, ಮೂಲೆಯಲ್ಲಿ ಕಂಬಕ್ಕೆ ತಗುಲಿಸಿದ ಅಸ್ಥಿಪಂಜರ ಇದ್ದವು. ಅಸ್ಥಿಪಂಜರದ ಎಡಹೆಗಲು ಒಂದು ಬೆರಳು ಇಳಿದಿರುವುದನ್ನು ಮಾಸ್ಟರು ಬಂದ ಕೂಡಲೇ ಗಮನಿಸಿದರು.

ಅವಳು ಅವರ ಕೈ ಎತ್ತಿಸಿ, ಕೋನ ಅಳೆಯುವ ಸಾಧನ ಹಿಡಿದು ಅಳೆದಳು. ಬಿಸಿ ಕೊಟ್ಟಳು, ಕೀಲನ್ನು ಮೆಲ್ಲಗೆ ಎಳೆದಳು. ಆಮೇಲೆ ಮೂರು ವ್ಯಾಯಾಮ ತೋರಿಸಿದಳು. ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದ ಹಾಗೆ ತೂಗಬೇಕು. ಗೋಡೆಯ ಮೇಲೆ ಬೆರಳುಗಳನ್ನು ಜೇಡದಂತೆ ನಡೆಸುತ್ತಾ ಹತ್ತಿಸಬೇಕು. ಬೆನ್ನ ಹಿಂದೆ ಟವೆಲ್ ಹಿಡಿದು ಒಳ್ಳೆಯ ಕೈಯಿಂದ ಕೆಟ್ಟ ಕೈಯನ್ನು ಎಳೆಯಬೇಕು. ಇಲ್ಲಿ ನಾನು ಮಾಡುವುದು ಸ್ವಲ್ಪ, ಮನೆಯಲ್ಲಿ ನೀವು ಮಾಡುವುದೇ ಜಾಸ್ತಿ ಎಂದಳು.

ಮಾಸ್ಟರಿಗೆ ಇದು ನ್ಯಾಯವಾಗಿ ಕಾಣಲಿಲ್ಲ. “ಅಲ್ಲಮ್ಮಾ, ಕೋಟು ಹೊಲಿಸೋಕೆ ಬಂದೋರಿಗೆ ನಾನು ಒಂದು ತೋಳು ಹೊಲಿದು ಕೊಟ್ಟು, ಮಿಕ್ಕಿದ್ದು ಮನೇಲಿ ನೀವೇ ಹೊಲ್ಕೊಳ್ಳಿ ಅಂದ್ರೆ ಹೇಗಿರುತ್ತೆ?”

“ಕೋಟಾದ್ರೆ ಅಂಗಡೀಲಿ ಬಿಟ್ಟು ಹೋಗ್ಬಹುದು ಮಾಸ್ಟ್ರೇ. ಹೆಗಲನ್ನ ಇಲ್ಲಿ ಬಿಟ್ಟು ಹೋಗ್ತೀರಾ?” ಎಂದಳು ಅವಳು. “ಬಿಟ್ಟು ಹೋಗೋದಾದ್ರೆ ನಾನೇ ಪೂರ್ತಿ ಮಾಡಿ ಕೊಡ್ತೀನಿ.”

ಮಾಸ್ಟರು ಹೆಗಲನ್ನು ಜೊತೆಗೇ ಕರೆದುಕೊಂಡು ಮನೆಗೆ ಬಂದರು.

ಮನೆಯಲ್ಲಿ ಮೊದಲ ದಿನವೇ ವ್ಯಾಯಾಮವನ್ನು ಅಂಗಡಿಯ ಕ್ರಮದಲ್ಲಿ ಹಂಚಿದರು. ತಾವು ಕುರ್ಚಿಯಲ್ಲಿ ಕೂತು, ಕೈಯನ್ನು ಮುಂದಕ್ಕೆ ಚಾಚಿ, ಎತ್ತು ಎಂದು ಹೆಂಡತಿಗೆ ಹೇಳಿದರು. ಹೆಂಡತಿ ಎತ್ತಿದರು. ಮಾಸ್ಟರು ಕೂಗಿದ ಕೂಗಿಗೆ ಎದುರುಮನೆಯವರು ಕಿಟಕಿ ತೆರೆದರು. ನಿಮ್ಮ ಕೈ, ನೀವೇ ಎತ್ತಿಕೊಳ್ಳಿ ಎಂದು ಹೆಂಡತಿ ಒಲೆಯ ಕಡೆ ಹೋದರು. ಫಿಸಿಯೋ ಕೊಟ್ಟಿದ್ದ ರಬ್ಬರ್ ಪಟ್ಟಿಯನ್ನು ಎಳೆದು ಗುಣಮಟ್ಟ ನೋಡು ಎಂದು ಭಾಮೈದನಿಗೆ ವಹಿಸಿದರು. ಅವನು ಬಿಡುವಿದ್ದಾಗಲೆಲ್ಲ ಎಳೆದೂ ಎಳೆದೂ ಅವನ ರಟ್ಟೆ ಗಟ್ಟಿಯಾಯಿತು. ಗೋಡೆಯ ಕೆಲಸ ಮಾತ್ರ ಯಾರಿಗೂ ವಹಿಸಲು ಬರುವಂತಿರಲಿಲ್ಲ. ಮಾಸ್ಟರು ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಮೂಗಿನ ಮಟ್ಟದವರೆಗೆ ಹತ್ತಿಸಿ, ಅಲ್ಲಿ ಸುಣ್ಣ ಎದ್ದಿರುವುದನ್ನು ಕಂಡು, ಇದಕ್ಕೊಂದು ಗತಿ ಕಾಣಿಸಬೇಕು ಎಂದು ಹೇಳಿ ಕೈ ಇಳಿಸಿದರು. ನಾಳೆ ನೋಡೋಣ ಎಂಬುದು ಆ ಗೋಡೆಯ ಪಾಲಿಗೆ ನಿತ್ಯದ ಮಾತಾಯಿತು.

ಸಕ್ಕರೆಯದೂ ಇದೇ ಕಥೆ. ಮಾತ್ರೆ ಜ್ಞಾಪಕ ಬಂದ ದಿನ ನುಂಗುವುದು, ಬಾರದ ದಿನ ಬಿಡುವುದು. ರಕ್ತ ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಸಿಹಿ ಬಿಟ್ಟು, ಬೆಳಗ್ಗೆ ನಡೆದು, ಮಾತ್ರೆಗಳನ್ನು ಹೊತ್ತು ಹೊತ್ತಿಗೆ ನುಂಗಿ, ಒಳ್ಳೆಯ ಹುಡುಗನ ಹಾಗೆ ಹೋಗಿ ರಕ್ತ ಕೊಡುತ್ತಿದ್ದರು. ಪರವಾಗಿಲ್ಲ ಎಂದು ಡಾಕ್ಟರು ಹೇಳಿದ ಮಧ್ಯಾಹ್ನವೇ ಟೀಗೆ ಸಕ್ಕರೆ ವಾಪಸ್ಸು ಬರುತ್ತಿತ್ತು.

ನಿಜವಾಗಿ ಕಷ್ಟವಾಗುತ್ತಿದ್ದುದು ಬೆಳಗ್ಗೆ ಅಂಗಿ ಹಾಕಿಕೊಳ್ಳುವಾಗ. ನೋವಿನ ಕೈಯನ್ನು ಮೊದಲು ತೋಳಿಗೆ ತೂರಿಸಿ, ಆಮೇಲೆ ಒಳ್ಳೆಯ ಕೈ ಎಂದು ಫಿಸಿಯೋ ಹೇಳಿಕೊಟ್ಟಿದ್ದಳು. ಆದರೂ ಹೆಂಡತಿ ಹಿಂದೆ ನಿಂತು ಅಂಗಿ ಹಿಡಿಯಬೇಕು, ಮಾಸ್ಟರು ಹಲ್ಲು ಕಚ್ಚಬೇಕು. ಊರಿಗೆಲ್ಲ ಕೋಟು ತೊಡಿಸುವವನಿಗೆ ಇನ್ನೊಬ್ಬರು ಅಂಗಿ ತೊಡಿಸುವುದೆಂದರೆ ಏನು ಎಂಬ ಯೋಚನೆಯಲ್ಲಿ ಎರಡು ಬೆಳಗು ಟೀ ಆರಿಹೋಯಿತು. ಮೂರನೆಯ ದಿನ ಅವರು ತಮ್ಮ ಅಂಗಿಯೊಂದನ್ನು ಮೇಜಿನ ಮೇಲೆ ಹರವಿ, ಬಲಗಡೆಯ ಹೊಲಿಗೆಯನ್ನು ಕೆಳಗಿನಿಂದ ಕಂಕುಳವರೆಗೆ, ಅಲ್ಲಿಂದ ತೋಳಿನ ಅಡಿಯಲ್ಲೇ ಮಣಿಕಟ್ಟಿನವರೆಗೆ ಬಿಚ್ಚಿದರು. ಕಂಕುಳಿಗೆ ಅದೇ ಬಟ್ಟೆಯ ಒಂದು ಚೌಕ ಸೇರಿಸಿದರು. ಬಿಚ್ಚಿದ ಉದ್ದಕ್ಕೂ ಒಳಗಡೆ ಅಡಗುವ ಹಾಗೆ ಟಿಚ್ ಬಟನ್ ಕೂರಿಸಲು ಹೆಂಡತಿಗೆ ಕೊಟ್ಟರು. ಈಗ ಎಡಗೈ ತೂರಿಸಿ, ಅಂಗಿಯನ್ನು ಬೆನ್ನ ಮೇಲಿಂದ ಸುತ್ತಿ ತಂದು, ಬಲಗೈಯನ್ನು ಇದ್ದಲ್ಲೇ ಇರಿಸಿ, ಅದರ ಸುತ್ತ ತೋಳನ್ನು ಟಿಚ್ ಟಿಚ್ ಎಂದು ಮುಚ್ಚಿದರೆ ಮುಗಿಯಿತು. ಹೊರಗಿನಿಂದ ನೋಡಿದರೆ ಮಾಮೂಲಿ ಅಂಗಿ. ಎಂಥ ದರ್ಜಿಗೂ ಹತ್ತಿರ ಬಂದು ಮುಟ್ಟದೆ ಗೊತ್ತಾಗುವಂತಿರಲಿಲ್ಲ.

“ಕೈ ಬರೋಕೆ ದಾರಿ ಹೇಳಿದ್ರೆ, ಕೈ ಬರದೇ ಇರೋಕೆ ಅಂಗಿ ಹೊಲ್ಕೊಂಡ್ರಿ,” ಎಂದರು ಹೆಂಡತಿ, ಕೊನೆಯ ಬಟನ್ನಿನ ದಾರ ಕಚ್ಚುತ್ತಾ.

ಮಾಸ್ಟರು ಕೇಳಿಸಿಕೊಳ್ಳಲಿಲ್ಲ. ಒಂದು ವಾರದಲ್ಲಿ ಅವರ ಅಂಗಿಗಳೆಲ್ಲ ಹೀಗೆ ಬದಲಾದವು, ಮನೆಯ ಕೋಟೂ ಬದಲಾಯಿತು. ಇಷ್ಟು ನುಣುಪಾದ ಕೆಲಸ ತಾವು ಬೇರೆ ಯಾರಿಗೂ ಮಾಡಿಕೊಟ್ಟಿಲ್ಲ ಎಂದು ಅವರಿಗೆ ಅನಿಸಿತು. ಅದು ನಿಜವೂ ಆಗಿತ್ತು.

ಕೆಲವು ದಿನ ಬಿಟ್ಟು ಫಿಸಿಯೋ ಫೋನು ಮಾಡಿದಳು. ತಲೆ ಬಾಚೋಕೆ ಆಗುತ್ತಾ ಎಂದು ಕೇಳಿದಳು. ಬಾಚೋಕೆ ಕೂದಲಿದ್ದರೆ ತಾನೇ ತಾಯಿ ಎಂದರು ಮಾಸ್ಟರು. ಅಂಗಿ ನೀವೇ ಹಾಕಿಕೊಳ್ಳುತ್ತೀರಾ ಎಂದು ಕೇಳಿದಳು. ಯಾರ ಸಹಾಯವೂ ಇಲ್ಲದೆ, ಆರಾಮಾಗಿ ಎಂದರು. ಅದರಲ್ಲಿ ಸುಳ್ಳಿನ ಒಂದು ಎಳೆಯೂ ಇರಲಿಲ್ಲ. ಅವಳಿಗೆ ಬಹಳ ಖುಷಿಯಾಗಿ, ಇಷ್ಟು ಬೇಗ ಸುಧಾರಿಸಿದವರು ಕಡಿಮೆ, ಹೀಗೇ ಮುಂದುವರಿಸಿ, ಬರುವ ತಿಂಗಳು ಬಂದರೆ ಸಾಕು ಎಂದಳು. ಮಾಸ್ಟರು ಫೋನು ಇಟ್ಟು, ಆ ಹುಡುಗಿ ಬುದ್ಧಿವಂತೆ ಎಂದು ಮನೆಯವರಿಗೆ ಹೇಳಿದರು.

ಅಂಗಡಿಯಲ್ಲೂ ಬಟ್ಟೆ ತಿದ್ದಿದ ಹಾಗೆಯೇ ಎಲ್ಲವನ್ನೂ ತಿದ್ದಿದರು. ಎತ್ತರದ ಗಿರಾಕಿಯ ಹಿಂದೆ ನಿಂತು ಕೋಟು ಹಿಡಿಯಲು ಆಗುತ್ತಿರಲಿಲ್ಲವಾಗಿ ಸ್ಟೂಲಿನ ಮೇಲೆ ಕೂರಿಸಿ ತೊಡಿಸತೊಡಗಿದರು. ಇದೇನು ಎಂದು ಕೇಳಿದವರಿಗೆ, ಕೂತಾಗ ಕೋಟು ಹೇಗೆ ಬೀಳುತ್ತದೆ ಎಂದು ನೋಡುವುದೇ ಹೊಸ ಪದ್ಧತಿ ಎಂದರು. ಇಬ್ಬರು ಇದನ್ನು ಬೇರೆ ಅಂಗಡಿಯಲ್ಲಿ ಹೋಗಿ ಹೇಳಿ ಅಲ್ಲಿಯವರನ್ನೂ ತಬ್ಬಿಬ್ಬು ಮಾಡಿದರಂತೆ. ಕತ್ತರಿಸುವಾಗ ಮಾತ್ರ ಈ ಜಾಣ್ಮೆ ಕೈಕೊಟ್ಟಿತು. ಕೋಟಿನ ಉದ್ದದ ಗೆರೆಯನ್ನು ಒಂದೇ ಓಟದಲ್ಲಿ ಕತ್ತರಿಸಬೇಕು. ಕೈ ಮೇಜಿನ ಆ ತುದಿಯವರೆಗೆ ಚಾಚಬೇಕು. ಚಾಚುತ್ತಿರಲಿಲ್ಲ. ಅದಕ್ಕೆ ಮಾಸ್ಟರು ಅರ್ಧ ಕತ್ತರಿಸಿ, ಬಟ್ಟೆಯನ್ನೇ ತಮ್ಮ ಕಡೆಗೆ ಎಳೆದುಕೊಂಡು ಮಿಕ್ಕರ್ಧ ಕತ್ತರಿಸುತ್ತಿದ್ದರು. ಎಳೆದರೆ ಬಟ್ಟೆ ಜರುಗುತ್ತದೆ ಎಂದು ಹೊಸದಾಗಿ ಸೇರಿದವರಿಗೆಲ್ಲ ಬೈದು ಹೇಳಿಕೊಟ್ಟವರು ಅವರೇ.

ಎತ್ತರದ ವಕೀಲರೊಬ್ಬರ ಕಪ್ಪು ಕೋಟು ಹೀಗೆ ತಯಾರಾಯಿತು. ಟ್ರಯಲ್ ದಿನ ವಕೀಲರು ಕನ್ನಡಿಯ ಮುಂದೆ ನಿಂತರು. ಎಡಗಡೆಯ ಅಂಚು ಬಲಗಡೆಗಿಂತ ಕೆಳಗಿತ್ತು. ಅವರು ಅತ್ತ ವಾಲಿದರು, ಇತ್ತ ವಾಲಿದರು, ಸೊಂಟಕ್ಕೆ ಕೈಯಿಟ್ಟು ನೋಡಿದರು. ಆಮೇಲೆ ನಾಚಿಕೊಂಡು, ನನ್ನ ಹೆಗಲೇ ಸೊಟ್ಟ ಇರಬೇಕು ಮಾಸ್ಟ್ರೇ ಎಂದರು.

“ಸ್ವಲ್ಪ ಇದೆ ಸಾರ್,” ಎಂದರು ಮಾಸ್ಟರು.

ಹಿಂದೆ ಮಿಷನ್ ಸದ್ದು ನಿಂತಿತು. ವಕೀಲರು ಹೊರಟುಹೋಗುವವರೆಗೂ ಅದು ಮತ್ತೆ ಶುರುವಾಗಲಿಲ್ಲ. ಆಮೇಲೆ ಭಾಮೈದ ಎದ್ದು ಬಂದು ಕೋಟನ್ನು ಮೇಜಿನ ಮೇಲೆ ಮಡಿಸಿಟ್ಟ. ಅವನು ಜಗಳಗಂಟನಲ್ಲ. ಭಾವನ ಮುಂದೆ ಧ್ವನಿ ಎತ್ತಿದ್ದು ಇಲ್ಲವೇ ಇಲ್ಲ.

“ಭಾವ, ವಕೀಲರ ಹೆಗಲು ನೆಟ್ಟಗಿದೆ. ಅವರ ಹಿಂದಿನ ಕೋಟೂ ನಾನೇ ಹೊಲಿದದ್ದು,” ಎಂದ. ಸ್ವಲ್ಪ ತಡೆದು, “ಇನ್ಮೇಲೆ ನಾನು ಕತ್ತರಿಸ್ಲಾ?”

ಮಾಸ್ಟರು ಕತ್ತರಿಯನ್ನು ಮೇಜಿನ ಮೇಲಿಂದ ತೆಗೆದು ಡ್ರಾಯರಿಗೆ ಹಾಕಿದರು. ಹೆಂಡತಿ ತಲೆಯೆತ್ತಿ ಇಬ್ಬರನ್ನೂ ನೋಡಿ ಮತ್ತೆ ಕಾಜಾಕ್ಕೆ ಬಗ್ಗಿದರು. ಕತ್ತರಿ ಒಂದು ಸಲ ಕೈಬಿಟ್ಟರೆ ಮತ್ತೆ ಬರುವುದಿಲ್ಲ ಎಂದು ಮಾಸ್ಟರಿಗೆ ಗೊತ್ತಿತ್ತು. ತಾವು ಮಾಸ್ಟರಾದದ್ದೂ, ಹಿಂದಿದ್ದ ಮಾಸ್ಟರಿಗೆ ಕಣ್ಣು ಮಂಜಾದ ವರ್ಷದಲ್ಲೇ. ಆ ಮುದುಕರು ಆಮೇಲೆ ಅಂಗಡಿಗೆ ಬಂದು ಕೂರುತ್ತಿದ್ದರು, ಹರಟುತ್ತಿದ್ದರು, ಯಾರೂ ಅವರ ಮಾತಿಗೆ ಕಿವಿಗೊಡುತ್ತಿರಲಿಲ್ಲ.

ಮರುದಿನ ಮಾಸ್ಟರು ತಾವಾಗಿಯೇ ಫಿಸಿಯೋ ಬಳಿಗೆ ಹೋದರು. ತಿಂಗಳಾಗಲು ಇನ್ನೂ ದಿನವಿತ್ತು. ಅವರ ಮನಸ್ಸಿನಲ್ಲಿ ಇದ್ದದ್ದು ವ್ಯಾಯಾಮವಲ್ಲ. ಆ ಹುಡುಗಿ ಮನಸ್ಸು ಮಾಡಿ ಒಂದು ಸಲ ಗಟ್ಟಿಯಾಗಿ ಎಳೆದರೆ ಬಾಗಿಲ ಚಿಲಕ ಬಿಟ್ಟ ಹಾಗೆ ಹೆಗಲು ಬಿಟ್ಟೀತು ಎಂಬ ಆಸೆ.

ಅವಳು ನಗುನಗುತ್ತಾ ಕೋನದ ಸಾಧನ ತಂದು ಅಳೆದಳು. ನಗು ನಿಂತಿತು. ಮತ್ತೆ ಅಳೆದಳು. ಸಾಧನವನ್ನು ತಿರುಗಿಸಿ, ಅದರ ತಿರುಪು ಸಡಿಲವಾಗಿದೆಯೇ ಎಂದು ನೋಡಿದಳು. ಬೇರೊಂದು ತಂದು ಅಳೆದಳು. ಕೈ ಮೊದಲ ದಿನಕ್ಕಿಂತ ಕಡಿಮೆ ಏಳುತ್ತಿತ್ತು. ಪಾಪ, ಅವಳು ತನ್ನ ಲೆಕ್ಕವೇ ತಪ್ಪಿತೆಂದು ತಿಳಿದು ಹಳೆಯ ಚೀಟಿ ಹುಡುಕತೊಡಗಿದಳು. ಮಾಸ್ಟರಿಗೆ ಅವಳ ಮೇಲೆ ಕನಿಕರವೂ ಬಂತು, ಆದರೂ ಸುಮ್ಮನೆ ಕೂತರು.

“ಮತ್ತೆ ಅಂಗಿ ಹೇಗೆ ಹಾಕ್ಕೊಳ್ತೀರಿ? ಒಂದ್ಸಲ ತೋರ್ಸಿ.”

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಏನಾದರೂ ನೆಪ ಹೇಳುತ್ತಿದ್ದರು. ಆದರೆ ಮಾಸ್ಟರು ಆ ಅಂಗಿಯನ್ನು ತೋರಿಸಲು ಒಬ್ಬರಿಗಾಗಿ ವಾರಗಟ್ಟಲೆ ಕಾದಿದ್ದರು. ಹೆಂಡತಿಗೆ ಅದರ ಬೆಲೆ ತಿಳಿದಿರಲಿಲ್ಲ, ಭಾಮೈದ ಮೆಚ್ಚುವ ಸ್ಥಿತಿಯಲ್ಲಿರಲಿಲ್ಲ. ಅವರು ಎದ್ದು ನಿಂತು, ಬಲಗಡೆಯ ಟಿಚ್ ಬಟನ್ನುಗಳನ್ನು ಸರಸರನೆ ಬಿಚ್ಚಿ, ಅಂಗಿ ಕಳಚಿ, ಕೈ ಒಂದಿಷ್ಟೂ ಎತ್ತದೆ ಮತ್ತೆ ತೊಟ್ಟು, ಟಿಚ್ ಟಿಚ್ ಎಂದು ಮುಚ್ಚಿ, ಕಾಲರು ಸರಿಮಾಡಿ ನಿಂತರು.

ಅವಳು ಹತ್ತಿರ ಬಂದು ಕಂಕುಳ ಚೌಕವನ್ನು ಬೆರಳಲ್ಲಿ ಹಿಡಿದು ನೋಡಿದಳು. ಬಟನ್ನುಗಳ ಸಾಲನ್ನು ಮಣಿಕಟ್ಟಿನವರೆಗೂ ನೋಡಿದಳು. ತುಂಬಾ ಚೆನ್ನಾಗಿದೆ ಎಂದು ಮನಸಾರೆ ಹೇಳಿದಳು. ತನ್ನ ಹತ್ತಿರ ಲಕ್ವ ಹೊಡೆದವರಿದ್ದಾರೆ, ಅವರ ಮನೆಯವರು ದಿನಾ ಬೆಳಗ್ಗೆ ಅಂಗಿ ತೊಡಿಸಲು ಒದ್ದಾಡುತ್ತಾರೆ, ಇಂಥವು ಒಂದೆರಡು ಹೊಲಿದು ಕೊಡುತ್ತೀರಾ ಎಂದು ಕೇಳಿದಳು. ಮಾಸ್ಟರ ಎದೆ ಉಬ್ಬಿತು.

“ಇದು ಕೈ ವಾಪಸ್ಸು ಬರಲ್ಲ ಅನ್ನೋರ ಅಂಗಿ ಮಾಸ್ಟ್ರೇ,” ಎಂದಳು ಅವಳು ಮುಂದುವರಿದು. “ಅವರಿಗೆ ಬೇರೆ ದಾರಿ ಇಲ್ಲ. ನಿಮಗೆ ಇತ್ತು.”

ಉಬ್ಬಿದ ಎದೆ ಅಲ್ಲೇ ನಿಂತಿತು. “ನನ್ನನ್ನೂ ಆ ಗುಂಪಿಗೆ ಸೇರಿಸಿದ್ರಾ?”

“ನಾನಲ್ಲ. ನೀವೇ ಹೋಗಿ ಸೇರ್ಕೊಂಡಿದ್ದೀರಿ.”

ಇನ್ನೂ ಕಾಲ ಮಿಂಚಿಲ್ಲ ಎಂದು ಅವಳು ವಿವರಿಸಿದಳು. ಈ ಹೆಗಲು ನಿಧಾನಕ್ಕೆ ಬಿಡುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಪೂರ್ತಿ ಬಿಡುತ್ತದೆ ಎಂದು ತಾನು ಬರೆದುಕೊಡಲಾರೆ. ದಿನಾ ಆಡಿಸಿದರೆ ಮೇಜಿನ ಆ ತುದಿ ಮುಟ್ಟುವಷ್ಟು ಬರುವ ಸಂಭವವಿದೆ, ಬಿಟ್ಟರೆ ಈ ಬಿಗಿ ಬಹುಕಾಲ ಉಳಿದೀತು. ಸಕ್ಕರೆ ಹತೋಟಿಯಲ್ಲಿರಲಿ. ಗಟ್ಟಿಯಾಗಿ ಒಂದು ಸಲ ಎಳೆದುಬಿಡಮ್ಮ ಎಂದು ಮಾಸ್ಟರು ಕೇಳಿಯೇ ಬಿಟ್ಟರು. ಎಳೆದರೆ ಹರಿಯುತ್ತದೆ ಎಂದಳು ಅವಳು. ಆ ಮಾತು ದರ್ಜಿಗೆ ಎರಡನೆಯ ಸಲ ಹೇಳಬೇಕಿರಲಿಲ್ಲ.

ಮನೆಗೆ ಬಂದು ಮಾಸ್ಟರು ಇದನ್ನೆಲ್ಲ ಹೆಂಡತಿಗೆ ದೂರಿನಂತೆ ಒಪ್ಪಿಸಿದರು. ಎಂಥ ಹುಡುಗಿ, ಎಷ್ಟು ಧೈರ್ಯ, ದೊಡ್ಡವರು ಚಿಕ್ಕವರು ಅನ್ನುವುದಿಲ್ಲ. ಹೆಂಡತಿ ಪಾತ್ರೆ ಒರೆಸುತ್ತಾ ಕೇಳಿದರು. ಕೊನೆಗೆ, “ರೀ, ಟೇಪು ಹಾಕಿದ ತಕ್ಷಣ ಹೊಟ್ಟೆ ಒಳಗೆ ಎಳ್ಕೊಳ್ಳೋ ಗಿರಾಕಿ ಬಂದು ಹೋದ್ಮೇಲೆ ನೀವು ನನ್ನ ಹತ್ರ ಏನ್ ಹೇಳಿ ನಗ್ತೀರಿ?” ಎಂದರು.

“ಟೇಪಿಗೆ ಮೋಸ ಮಾಡಿದ್ರೆ ಹೊಟ್ಟೆ ಕರಗುತ್ತಾ ಅಂತ,” ಎಂದರು ಮಾಸ್ಟರು.

“ಡಾಕ್ಟರ ಹತ್ರ ಹೋಗೋ ಮುಂಚೆ ಸಿಹಿ ಬಿಡ್ತೀರಿ. ಈ ಹುಡುಗಿಗೆ ಅಂಗಿ ತೋರಿಸ್ತೀರಿ. ಅವರು ಅಳತೆ ಬರ್ಕೊಂಡು ಹೋಗ್ತಾರೆ. ನಿಜದ ಅಳತೆಯ ಮೈಯಲ್ಲಿ ಇರಬೇಕಾದೋರು ಯಾರು?”

ಮರುದಿನ ಬೆಳಗ್ಗೆ ಮಾಸ್ಟರು ತಮ್ಮ ಅಂಗಿಗಳನ್ನೆಲ್ಲ ಚೀಲಕ್ಕೆ ತುಂಬಿ ಅಂಗಡಿಗೆ ಒಯ್ದು, ಎರಡನ್ನು ಫಿಸಿಯೋಗೆ ಕೊಡಲು ಪಕ್ಕಕ್ಕಿಟ್ಟು, ಮಿಕ್ಕವುಗಳ ಬಲಗಡೆಯನ್ನು ಹಳೆಯ ಹಾಗೆ ಮುಚ್ಚಿ ಹೊಲಿ ಎಂದು ಭಾಮೈದನ ಮುಂದೆ ಹಾಕಿದರು. ಡ್ರಾಯರು ಎಳೆದು ಕತ್ತರಿ ತೆಗೆದರು. ಅದನ್ನು ಕೊಡುವಾಗ ಏನಾದರೂ ದೊಡ್ಡ ಮಾತು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದರು. ಹೊರಬಂದದ್ದು, “ವಕೀಲರ ಕೋಟು ಹೊಸ ಬಟ್ಟೇಲಿ ನೀನೇ ಕತ್ತರಿಸು, ನಾನು ಗೆರೆ ಹಾಕ್ತೀನಿ,” ಎಂಬಷ್ಟೇ. ಭಾಮೈದ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಷ್ಟು ಭಾರವಿರುತ್ತದೆ ಎಂದು ಅವನು ಎಣಿಸಿರಲಿಲ್ಲ.

ವಕೀಲರು ಬಂದಾಗ ಮಾಸ್ಟರು ಅವರನ್ನು ಸ್ಟೂಲಿನ ಮೇಲೆ ಕೂರಿಸಲಿಲ್ಲ. “ಸಾರ್, ಹೆಗಲು ಸೊಟ್ಟ ಇರೋದು ನಿಮ್ಮದಲ್ಲ, ನನ್ನದು,” ಎಂದರು. ತಮ್ಮ ವೃತ್ತಿಯಲ್ಲಿ ಇಂಥ ಮಾತು ಕೇಳಿ ಬಹಳ ಕಾಲವಾಯಿತು ಎಂದರು ವಕೀಲರು. ಹೊಸ ಕೋಟು ಸರಿಯಾಗಿ ಬಂತು. ಅದನ್ನು ಭಾಮೈದ ಕತ್ತರಿಸಿದ್ದು ಎಂದು ಮಾಸ್ಟರು ಹೇಳಿದರು. ಗೆರೆ ನನ್ನದು ಎಂದೂ ಸೇರಿಸಿದರು. ಎಲ್ಲವನ್ನೂ ಒಂದೇ ದಿನ ಬಿಡಲಾಗುತ್ತದೆಯೇ?

ಡಾಕ್ಟರ ಬಳಿ ಹೋಗುವ ಮುಂಚೆ ಈ ಸಲ ಏನೂ ತಯಾರಿ ಮಾಡಿಕೊಳ್ಳಲಿಲ್ಲ. ರಕ್ತದ ವರದಿ ನೋಡಿ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಇದೇ ನಿಜವಾದದ್ದು, ಹಿಂದಿನವು ನಾನು ಎಳೆದುಕೊಂಡು ಕೊಟ್ಟವು ಎಂದು ಮಾಸ್ಟರು ಹೇಳಿದಾಗ ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮಾತ್ರೆ ಬದಲಾಯಿತು. ಅದು ಊಟದ ತಟ್ಟೆಯ ಪಕ್ಕ ತಪ್ಪದೆ ಬಂದು ಕೂತಿತು. ಟೀ ಸಪ್ಪೆಯಾಯಿತು. ಸಪ್ಪೆ ಟೀಯನ್ನು ಮಾಸ್ಟರು ಕೊನೆಯವರೆಗೂ ಕ್ಷಮಿಸಲಿಲ್ಲ.

ವ್ಯಾಯಾಮದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಅದೇ ಅದರ ಕಷ್ಟ. ಕೋಟು ಹೊಲಿದರೆ ಸಂಜೆಗೆ ಒಂದು ತೋಳಾದರೂ ಕಣ್ಣಿಗೆ ಕಾಣುತ್ತದೆ. ಗೋಡೆ ಹತ್ತಿದರೆ ಏನೂ ಕಾಣುವುದಿಲ್ಲ. ಬೆಳಗ್ಗೆ ಎದ್ದು ಬಾಗಿ ಕೈ ತೂಗುವುದು, ಗೋಡೆ ಹತ್ತುವುದು, ಟವೆಲ್ ಎಳೆಯುವುದು, ಮಾಮೂಲಿ ಅಂಗಿಗೆ ನೋವಿನ ಕೈಯನ್ನು ಮೊದಲು ತೂರಿಸಿ ಹಲ್ಲು ಕಚ್ಚಿ ತೊಡುವುದು. ಮಧ್ಯಾಹ್ನ ಟ್ರಯಲ್ ಪರದೆಯ ಹಿಂದೆ ಮತ್ತೊಮ್ಮೆ. ಒಳಗೆ ಯಾರೋ ನರಳುತ್ತಿದ್ದಾರೆಂದು ಹೊಸ ಗಿರಾಕಿಯೊಬ್ಬ ಅಳತೆ ಕೊಡದೆ ವಾಪಸ್ಸು ಹೋದ. ಒಂದು ವಾರ ಗೋಡೆಯ ಮೇಲೆ ಬೆರಳು ಮೇಲೇರುತ್ತಿತ್ತು, ಮುಂದಿನ ವಾರ ಏನೂ ತಪ್ಪು ಮಾಡದೆಯೂ ಕೆಳಗಿಳಿಯುತ್ತಿತ್ತು. ಹಾಗಾದಾಗ ಮಾಸ್ಟರು ಮೊದಲಿನಂತೆ ಫಿಸಿಯೋಗೆ ಒಳ್ಳೆಯ ಸುದ್ದಿ ಕೊಡುತ್ತಿರಲಿಲ್ಲ. ಇಳಿದಿದೆ ಎಂದೇ ಹೇಳುತ್ತಿದ್ದರು. ಅವಳು ಅದಕ್ಕೆ ತಕ್ಕಂತೆ ಒಂದನ್ನು ಬಿಡಿಸಿ ಇನ್ನೊಂದನ್ನು ಹೇಳಿಕೊಡುತ್ತಿದ್ದಳು. ಇಬ್ಬರ ನಡುವೆ ಇದೊಂದು ವ್ಯವಹಾರವಾಗಿ ಕುದುರಿತು.

ಈ ನಡುವೆ ಮಾಸ್ಟರಿಗೆ ಹೊಸದೊಂದು ರೋಗ ಹಿಡಿಯಿತು: ಉಪದೇಶ. ಅಳತೆಗೆ ಬಂದವರಿಗೆಲ್ಲ ಎರಡೂ ಕೈ ಎತ್ತಿ ನೋಡೋಣ ಅನ್ನತೊಡಗಿದರು. ಒಬ್ಬರ ಕೈ ಅರ್ಧಕ್ಕೇ ನಿಂತರೆ ಟೇಪು ಕೆಳಗಿಟ್ಟು, ಗೋಡೆಯ ಬಳಿ ಕರೆದುಕೊಂಡು ಹೋಗಿ ಜೇಡದ ನಡಿಗೆ ತೋರಿಸುವುದು. ಅವರು ಕೋಟಿಗೆ ಬಂದರೋ ವ್ಯಾಯಾಮಕ್ಕೆ ಬಂದರೋ ಎಂದು ಭಾಮೈದ ಅಕ್ಕನ ಬಳಿ ಗೊಣಗಿದ. ಸುಮ್ಮನಿರೋ, ಮೊದಲಿನದಕ್ಕಿಂತ ಇದು ವಾಸಿ ಎಂದರು ಅಕ್ಕ. ಕೊನೆಗೆ ಫಿಸಿಯೋ ತಾನೇ ಬಂದು, ಅಳೆಯದೆ ಯಾರಿಗೂ ವ್ಯಾಯಾಮ ಹೇಳಬೇಡಿ ಮಾಸ್ಟ್ರೇ, ಎಲ್ಲರ ಹೆಗಲೂ ಒಂದೇ ಥರ ಅಲ್ಲ ಎಂದು ಕೇಳಿಕೊಂಡಳು. ತಮ್ಮದೇ ಸಿದ್ಧಾಂತ ತಮಗೇ ವಾಪಸ್ಸು ಬಂದದ್ದರಿಂದ ಮಾಸ್ಟರಿಗೆ ಎದುರಾಡಲು ಆಗಲಿಲ್ಲ.

ಭಾಮೈದನ ಕೈ ಅಷ್ಟರಲ್ಲಿ ಕತ್ತರಿಗೆ ಪಳಗಿತ್ತು. ಗಿರಾಕಿಗಳಲ್ಲಿ ಕೆಲವರು ಅವನನ್ನೂ ಮಾಸ್ಟ್ರೇ ಎಂದು ಕರೆಯತೊಡಗಿದರು. ಮೊದಲ ಸಲ ಹಾಗೆ ಕರೆದಾಗ ಇಬ್ಬರೂ ಒಟ್ಟಿಗೆ ತಿರುಗಿದರು, ಇಬ್ಬರೂ ಒಟ್ಟಿಗೆ ಮುಖ ಬೇರೆ ಕಡೆ ಮಾಡಿದರು.

ವರ್ಷ ತಿರುಗುವ ಹೊತ್ತಿಗೆ ಒಂದು ದಿನ ಮಾಸ್ಟರು ಕತ್ತರಿ ಕೊಡು ಎಂದರು. ಭಾಮೈದ ಕೊಟ್ಟು ಪಕ್ಕಕ್ಕೆ ಸರಿದ. ಬೂದು ಬಣ್ಣದ ಬಟ್ಟೆ, ಯಾರದೋ ಉದ್ದನೆಯ ಕೋಟು. ಮಾಸ್ಟರು ಬಟ್ಟೆಯನ್ನು ಸವರಿ, ಕತ್ತರಿಯ ಕೆಳಗಿನ ಅಲಗನ್ನು ಮೇಜಿಗೆ ಒತ್ತಿ ಹಿಡಿದು ಹೊರಟರು. ಬೆನ್ನಿನ ಗೆರೆ ಒಂದೇ ಓಟದಲ್ಲಿ ಆ ತುದಿ ಮುಟ್ಟಿತು. ಬಟ್ಟೆ ಜರುಗಲಿಲ್ಲ. ಎರಡು ಮುಂಭಾಗಗಳೂ ಆದವು. ತೋಳಿನ ಹೊತ್ತಿಗೆ ಹೆಗಲು ನಡುಗಲು ಶುರುವಾಯಿತು. ವರ್ಷದ ಹಿಂದಿನ ಮಾಸ್ಟರಾಗಿದ್ದರೆ ಬಟ್ಟೆಯನ್ನು ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ಇವರು ಕತ್ತರಿ ನಿಲ್ಲಿಸಿದರು. ಇವತ್ತಿಗೆ ಈ ಕೈ ಇಷ್ಟೇ ಎಂದು ಹೇಳಿ, ಹಿಡಿಯನ್ನು ಭಾಮೈದನ ಕಡೆಗೆ ತಿರುಗಿಸಿ ಕೊಟ್ಟರು.

ಕೊಟ್ಟರು, ಆದರೆ ಸುಮ್ಮನಿರಬೇಕಲ್ಲ. ಕಂಕುಳ ತಿರುವಿನಲ್ಲಿ ಭಾಮೈದ ಆತುರ ಮಾಡುತ್ತಿದ್ದಾನೆ ಅನ್ನಿಸಿತು. ಮೆಲ್ಲಗೆ, ಮೆಲ್ಲಗೆ, ಈ ತಿರುವಿಗೆ ಬೇರೆ ರಟ್ಟಿನ ಅಚ್ಚು ಇದೆ, ಅಗೋ ಆ ಮೇಲಿನ ಹಲಗೆಯಲ್ಲಿ, ಎಡಗಡೆ ಕೊನೆಯದು, ಎಷ್ಟು ಸಲ ಹೇಳಬೇಕು ಎಂದು ಗೋಡೆಯ ಮೇಲಿನ ಹಲಗೆಯತ್ತ ಬೊಟ್ಟು ಮಾಡಿ ಗದರಿಸುತ್ತಲೇ ಇದ್ದರು.

“ರೀ, ಕೈ ಇಳಿಸ್ರಿ. ಫ್ಯಾನಿಗೆ ತಗುಲೀತು,” ಎಂದರು ಹೆಂಡತಿ, ಕಾಜಾದಿಂದ ಕಣ್ಣು ತೆಗೆಯದೆ.

ಮಾಸ್ಟರು ತಮ್ಮ ಬಲಗೈಯನ್ನು ನೋಡಿದರು. ಅದು ಕಿವಿಯ ಪಕ್ಕದಲ್ಲಿ, ತಲೆಗಿಂತ ಮೇಲೆ, ಇನ್ಯಾರದೋ ಕೈಯ ಹಾಗೆ ನಿಂತಿತ್ತು. ಪೂರ್ತಿ ನೆಟ್ಟಗಿರಲಿಲ್ಲ, ಮೊಣಕೈ ಸ್ವಲ್ಪ ಬಾಗಿತ್ತು. ಇಳಿಸಿದರು. ಖಾತ್ರಿ ಮಾಡಿಕೊಳ್ಳಲು ಇನ್ನೊಮ್ಮೆ ಎತ್ತಿದರು.

“ಭಾವ, ಯಾವ ಅಚ್ಚು ಅಂತ ಹೇಳಿ,” ಎಂದ ಭಾಮೈದ, ಸ್ಟೂಲು ಎಳೆದುಕೊಂಡು. “ಕೈ ಆಮೇಲೆ ನೋಡ್ಕೊಳ್ಳೋರಂತೆ.”